ಗೊಣಗುವವನ ಚೀಟಿಗಳು

ಹೆಸಲ್ ರೋಡ್, ಹಲ್
25 ಜನವರಿ 1983, ಮಂಗಳವಾರ

ಆಡುಮಾತಿನ ನಿಘಂಟಿನ ಕಚೇರಿಯವರಿಗೆ,

ನಮ್ಮ ಲೈಬ್ರರಿಯ ಬಾಗಿಲಿಗೆ ನೀವು ಅಂಟಿಸಿದ ಕಾಗದ ಓದಿದೆ. ಮನುಷ್ಯನಿಗೆ ಸಾಕುಸಾಕಾದಾಗ, ಮನಸ್ಸು ಮುರಿದು ಕೂತಾಗ, ಬಾಯಿಂದ ಏನು ಬರುತ್ತದೋ ಅದನ್ನು ಕೇಳಿದ ಹಾಗೇ ಚೀಟಿಯಲ್ಲಿ ಬರೆದು ಕಳಿಸಿ ಎಂದಿದ್ದೀರಿ. ಸರಿಯಾದ ಬೀದಿಗೇ ಬಂದಿದ್ದೀರಿ ಬಿಡಿ. ಈ ಊರಿನಲ್ಲಿ ಈಗ ತಾಜಾ ಮೀನು ಸಿಗುವುದಿಲ್ಲ, ಗೊಣಗಾಟ ಬೇಕಾದಷ್ಟು ಸಿಗುತ್ತದೆ.

ನನ್ನ ಹೆಸರು ಹಿಲ್ಡಾ ಬ್ಲೆಂಕಿನ್. ವಯಸ್ಸು ಐವತ್ತೆರಡು. ಮೀನಿನ ಕಾರ್ಖಾನೆಯಲ್ಲಿ ಮೀನು ಸಾಗಿಬರುವ ಬೆಲ್ಟಿನ ಮುಂದೆ ನಿಂತು ಮುರಿದ ತುಂಡು ಹೆಕ್ಕುವ ಕೆಲಸ. ದಿನಕ್ಕೆ ಎಂಟು ಗಂಟೆ ಅದೇ ಮೀನು, ಅದೇ ಗಾತ್ರ, ಅದೇ ಬಣ್ಣ. ಕೈ ಓಡುತ್ತದೆ, ತಲೆಗೆ ಕೆಲಸವಿಲ್ಲ. ನನ್ನ ತಲೆಗೆ ಸುಮ್ಮನೆ ಇರುವುದು ಗೊತ್ತಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇವು ನನ್ನ ಮೊದಲ ಎರಡು ಚೀಟಿಗಳು.

ಹೆಂಗಸು, 47, ನನ್ನ ಪಕ್ಕ ನಿಲ್ಲುವ ಡಾಟ್. ಬೆಲ್ಟಿನ ಮುಂದೆ, 19 ಜನವರಿ: "ಆತ್ಮಾನೇ ಸಾಯಿಸೋ ಕೆಲಸ ಕಣೇ ಇದು. ಪಾದ್ರಿ ಬಂದು ಕೇಳಿದ್ರೆ, ಅವಳದು ಮೂರನೇ ಫ್ರೀಜರಿನಲ್ಲಿದೆ ಅಂತ ಹೇಳು."

ಗಂಡಸು, 54, ಮೀನು ಹಡಗಿನಲ್ಲಿ ದುಡಿದವನು, ಈಗ ಕೆಲಸವಿಲ್ಲ. ಕೆಲಸ ಕೊಡಿಸುವ ಕಚೇರಿಯ ಸಾಲಿನಲ್ಲಿ ನಿಂತು ಬಂದು, ಟೋಪಿ ಎಸೆದು, 20 ಜನವರಿ: "ಕರುಳು ಬಗೆದು ಐಸ್ ಮೇಲೆ ಮಲಗಿಸಿದ ಮೀನಾಗಿಬಿಟ್ಟಿದೀನಿ. ಮೀನನ್ನಾದ್ರೂ ಯಾರಾದ್ರೂ ಕೊಂಡ್ಕೊಂಡು ಹೋಗ್ತಾರೆ."

ಇಂಥವು ಬೇಕೇ, ಬೇಡವೇ? ಬೇಡವಾದರೆ ನೇರವಾಗಿ ಹೇಳಿ, ಸ್ಟಾಂಪು ಉಳಿಯುತ್ತದೆ.

ಹಿಲ್ಡಾ ಬ್ಲೆಂಕಿನ್

*

ಆಡುಮಾತಿನ ನಿಘಂಟು ಕಚೇರಿ, ನಾರಿಚ್
31 ಜನವರಿ 1983

ಮಾನ್ಯ ಶ್ರೀಮತಿ ಬ್ಲೆಂಕಿನ್ ಅವರಿಗೆ,

ಖಂಡಿತ ಬೇಕು. ನಾನು ಇಲ್ಲಿನ ಸಹಾಯಕ ಸಂಪಾದಕ. 'ಮನಸ್ಸು ಮುರಿಯುವುದು' ಎಂಬ ವಿಭಾಗ ನನ್ನ ಪಾಲಿಗೆ ಬಂದಿದೆ. ಯಾಕೆ ನನಗೇ ಬಂತೋ ಕೇಳಬೇಡಿ. ಬಹುಶಃ ಇಡೀ ಕಚೇರಿಯಲ್ಲಿ ಅತ್ಯಂತ ತಣ್ಣನೆಯ ಕೋಣೆ ನನ್ನದೇ ಎಂಬ ಕಾರಣಕ್ಕಿರಬೇಕು. ಇಲ್ಲಿನ ಹೀಟರು ಸದ್ದು ಮಾಡುವುದಕ್ಕಷ್ಟೇ ಹುಟ್ಟಿದ್ದು. ಕೋಟು ಹಾಕಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಮನೆಗೆ ಹೋದರೆ ಮಾಲಕಿ ಬೇಯಿಸಿದ ಎಲೆಕೋಸು ಕಾಯುತ್ತಿರುತ್ತದೆ. ಅದು ಭಾನುವಾರದಿಂದ ಬೇಯುತ್ತಿದೆ.

ನಮ್ಮ ನಿಯಮಗಳು ಕೆಲವೇ. ಕೇಳಿದ ಮಾತನ್ನು ತಿದ್ದಬೇಡಿ, ಚಂದ ಮಾಡಬೇಡಿ. ಸಪ್ಪೆ ಎನ್ನಿಸಿದರೂ ಬಿಡಬೇಡಿ. ಆಡಿದವರ ಹೆಸರು ಬೇಕಿಲ್ಲ. ವಯಸ್ಸು, ಕೆಲಸ, ಜಾಗ ಸಾಕು. ಎಲ್ಲಕ್ಕಿಂತ ಮುಖ್ಯ, ದಿನಾಂಕ. ದಿನಾಂಕವಿಲ್ಲದ ಚೀಟಿ ನಮಗೆ ಕಸಕ್ಕೆ ಸಮ. ಬಂದ ಚೀಟಿಗಳನ್ನು ನಾವು ಮಾತಿನ ಪ್ರಕಾರ ಬೇರೆ ಬೇರೆ ಪೆಟ್ಟಿಗೆಗೆ ಹಾಕುತ್ತೇವೆ. ನಿಮ್ಮ ಡಾಟ್ ಅವರ ಚೀಟಿ 'ಆತ್ಮ'ದ ಪೆಟ್ಟಿಗೆಗೆ ಹೋಯಿತು. ಹಡಗಿನವರದು 'ಕರುಳಿ'ಗೆ ಹೋಯಿತು.

ಆ ಹಡಗಿನವರ ಮಾತು ಇನ್ನಷ್ಟು ಸಿಗಬಹುದೇ? ಇಂಥ ಬಾಯಿ ನಮಗೆ ಅಪರೂಪ.

ನಿಮ್ಮ ವಿಶ್ವಾಸಿ,
ಎಡ್ಮಂಡ್ ಪಿಮ್

*

ಹೆಸಲ್ ರೋಡ್
11 ಫೆಬ್ರವರಿ 1983

ಪಿಮ್ ಅವರೇ,

ಸಿಗದೆ ಏನು! ಅವನು ನಮ್ಮ ಬೀದಿಯವನೇ, ಗೋಡೆ ತೆಳು. ಬೆಳಗ್ಗೆ ಕಣ್ಣು ಬಿಟ್ಟಾಗ ಶುರು ಮಾಡಿದರೆ ರಾತ್ರಿ ಹಲ್ಲುಸೆಟ್ಟು ತೆಗೆದಿಡುವ ತನಕ ಗೊಣಗುತ್ತಾನೆ. ಹದಿನೈದನೇ ವಯಸ್ಸಿಗೆ ಸಮುದ್ರಕ್ಕೆ ಹೋದವನು. ಐಸ್‌ಲೆಂಡಿನವರು ಅವರ ನೀರಿಗೆ ನಮ್ಮವರು ಬರಬಾರದೆಂದ ಮೇಲೆ ಹಡಗುಗಳನ್ನೆಲ್ಲ ಗುಜರಿಗೆ ಹಾಕಿದರಲ್ಲ, ಆಗ ಇವನನ್ನೂ ದಡಕ್ಕೆ ಹಾಕಿದರು. ಆಮೇಲೆ ಒಂದು ಗೋದಾಮಿಗೆ ಕಾವಲುಗಾರನಾದ. ಹೋದ ಅಕ್ಟೋಬರಿನಲ್ಲಿ ಅದಕ್ಕೂ ಬೀಗ ಬಿತ್ತು.

ಅವನ ಚೀಟಿಗಳು ಮೂರು.

1 ಫೆಬ್ರವರಿ, ಅರ್ಜಿ ತುಂಬುತ್ತ: "'ನಿಮಗೆ ಬರುವ ಕೆಲಸಗಳು' ಅಂತ ಕೇಳಿ ಅರ್ಧ ಇಂಚು ಜಾಗ ಬಿಟ್ಟಿದಾರೆ. ಆತ್ಮ ಸಾಯಿಸೋಕೆ ಇವರಿಗೆ ಅರ್ಧ ಇಂಚು ಸಾಕು."

5 ಫೆಬ್ರವರಿ, ಕರಿದ ಆಲೂಗಡ್ಡೆ ಪ್ಯಾಟಿ ತಿನ್ನುತ್ತ: "ಇದರಲ್ಲಿ ಆಲೂಗಡ್ಡೆ ಇದೆಯೋ ಹಳೇ ಚಪ್ಪಲಿ ಇದೆಯೋ ದೇವರಿಗೇ ಗೊತ್ತು. ಇದನ್ನ ತಿನ್ನೋ ಬದಲು ಸತ್ತೇ ಹೋಗಬಹುದು."

9 ಫೆಬ್ರವರಿ, ಕಿಟಕಿ ಹತ್ತಿರ ನಿಂತು: "ಹಿಂದಿನ ದವಡೆ ಹಲ್ಲಿನ ತನಕ ಸಾಕಾಗಿದೆ. ಹಲ್ಲೂ ನನ್ನದಲ್ಲ."

ಹಡಗಿನವರ ಹೆಂಡಂದಿರು ಏನನ್ನುತ್ತಾರೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮಗೆ ಆಡುವ ಮಾತಿಗಿಂತ ಮಾಡಬಾರದ ಕೆಲಸಗಳೇ ಜಾಸ್ತಿ. ಗಂಡ ಹಡಗು ಹತ್ತುವ ದಿನ ಮನೆಯಲ್ಲಿ ಬಟ್ಟೆ ಒಗೆಯುವಂತಿಲ್ಲ. ಒಗೆದರೆ ಅವನನ್ನೂ ಸಮುದ್ರಕ್ಕೆ ತೊಳೆದು ಬಿಟ್ಟ ಹಾಗೆ. ಅವನು ಹಿಂದೆ ತಿರುಗಿ ಕೈ ಬೀಸುವಂತಿಲ್ಲ, ನಾವೂ ಬೀಸುವಂತಿಲ್ಲ. ಒಂದು ಒಳ್ಳೇ ಮಾತು ಆಡುವಂತಿಲ್ಲ. ಟೀ ತಣ್ಣಗಿದೆ, ಕಾಲುಚೀಲ ತೂತಾಗಿದೆ ಅಂತ ಬೈದುಕೊಂಡೇ ಹೋಗಬೇಕು. ಬೈದುಕೊಂಡು ಹೋದವನು ಮಿಕ್ಕಿದ್ದನ್ನು ಬೈಯೋದಕ್ಕೆ ವಾಪಸ್ ಬರುತ್ತಾನೆ. ನಮ್ಮ ಬೀದಿಯ ಲೆಕ್ಕ ಇದು.

ನಿಮ್ಮ ಮಾಲಕಿಗೆ ಹೇಳಿ, ಎಲೆಕೋಸಿಗೆ ಹತ್ತು ನಿಮಿಷ ಸಾಕು ಅಂತ.

ಹಿಲ್ಡಾ ಬ್ಲೆಂಕಿನ್

*

ನಾರಿಚ್
18 ಫೆಬ್ರವರಿ 1983

ಪ್ರಿಯ ಶ್ರೀಮತಿ ಬ್ಲೆಂಕಿನ್,

ಹಲ್ಲಿನ ಚೀಟಿಯನ್ನು ಇಡೀ ಕಚೇರಿಗೆ ಓದಿ ಹೇಳಿದೆ. ನಮ್ಮ ಮುಖ್ಯ ಸಂಪಾದಕರು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ನನಗೊಂದು ವಿಚಿತ್ರ ಕಾಣುತ್ತಿದೆ. ಆತ್ಮ ಸಾಯಿಸುತ್ತದೆ ಎಂಬ ಮಾತಿಗೆ ನಮ್ಮಲ್ಲಿ ನಲವತ್ತೊಂದು ಚೀಟಿ ಇವೆ. ಅದರಲ್ಲಿ ಹದಿನೈದು ಬಸ್ಸಿಗೆ ಕಾಯುವುದರ ಬಗ್ಗೆ, ಏಳು ಫೋಟೋಕಾಪಿ ಮಾಡುವುದರ ಬಗ್ಗೆ, ಒಂದು ಟೊಮ್ಯಾಟೊ ಸೂಪಿನ ಬಗ್ಗೆ. ಆದರೆ ಮನೆ ಸುಟ್ಟುಹೋದ ಒಬ್ಬ ಹೆಂಗಸು ಆಡಿದ ಮಾತು ಹೀಗಿದೆ: "ಸ್ವಲ್ಪ ಕಿರಿಕಿರಿ ಆಯ್ತು." ನಮ್ಮ ಜನ ಚಿಕ್ಕ ನೋವಿಗೆ ದೊಡ್ಡ ಮಾತು, ದೊಡ್ಡ ನೋವಿಗೆ ಚಿಕ್ಕ ಮಾತು ಇಟ್ಟುಕೊಂಡಿದ್ದಾರೆ. ಇದನ್ನು ಮುನ್ನುಡಿಯಲ್ಲಿ ಬರೆಯಬೇಕೆಂದಿದ್ದೇನೆ.

ಹಡಗಿನವರನ್ನು ಬಿಡಬೇಡಿ. ಅವರು ನಮ್ಮ ವಿಭಾಗದ ನಿಧಿ. ಬಟ್ಟೆ ಒಗೆಯದ ಸಂಗತಿಗೆ ವಂದನೆ. ಅದು ನಮ್ಮ ಪೆಟ್ಟಿಗೆಗಳಲ್ಲಿ ಎಲ್ಲಿಗೂ ಸೇರದು, ಆದರೂ ಎತ್ತಿಟ್ಟಿದ್ದೇನೆ.

ಕೋಣೆ ಈಗಲೂ ತಣ್ಣಗೇ ಇದೆ. ಅಭ್ಯಾಸವಾಗಿದೆ.

ಎಡ್ಮಂಡ್ ಪಿಮ್

*

ಹೆಸಲ್ ರೋಡ್
8 ಮಾರ್ಚ್ 1983

ಪಿಮ್ ಅವರೇ,

ತಡವಾಯಿತು. ಕೂತಲ್ಲಿ ಕೂರಲಾಗುತ್ತಿಲ್ಲ. ಯಾಕೆ ಅಂತ ನನಗೇ ಗೊತ್ತಿಲ್ಲ. ನಿನ್ನೆ ಅಡುಗೆಮನೆಯ ಕಪಾಟನ್ನೆಲ್ಲ ಖಾಲಿ ಮಾಡಿ ಒರೆಸಿ ಮತ್ತೆ ಜೋಡಿಸಿದೆ. ಮೊನ್ನೆಯೂ ಅದನ್ನೇ ಮಾಡಿದ್ದೆ. "ಆ ಕಪಾಟು ನಿನಗೇನು ದ್ರೋಹ ಮಾಡ್ತೇ?" ಅಂತ ಡಾಟ್ ಕೇಳಿದಳು.

ನಿಮ್ಮ ನಿಧಿ ಈಚೆಗೆ ಎಷ್ಟೋ ಮೇಲು. ಮೊದಲಿನಷ್ಟು ರೇಗುವುದಿಲ್ಲ. ಅರ್ಜಿ ವಾಪಸ್ ಬಂದರೂ ಟೋಪಿ ಎಸೆಯುವುದಿಲ್ಲ, ಮೊಳೆಗೆ ಸಿಕ್ಕಿಸುತ್ತಾನೆ. ಹೋದ ತಿಂಗಳ ಕೊನೆಗೆ ತಾನಾಗಿಯೇ ಪಾತ್ರೆ ತೊಳೆದ. ಅವನ ಹೆಂಡತಿಗೆ ಒಂದು ನಿಮಿಷ ಬೇರೆಯವರ ಮನೆಗೆ ಬಂದೆನೋ ಎನ್ನಿಸಿತಂತೆ. ಪುಣ್ಯ, ಮನೆಯಲ್ಲಿ ಸದ್ದು ಕಮ್ಮಿಯಾಗಿದೆ.

24 ಫೆಬ್ರವರಿ: "ಸ್ವಲ್ಪ ಬೇಜಾರು, ಅಷ್ಟೆ."

2 ಮಾರ್ಚ್: "ಇರಲಿ ಬಿಡು. ಗೊಣಗಬಾರದು."

6 ಮಾರ್ಚ್, ಊಟದ ಮೇಲೆ: "ಚೆನ್ನಾಗಿತ್ತು. ಥ್ಯಾಂಕ್ಸ್ ಕಣೇ."

ಕೊನೆಯದು ನಿಮ್ಮ ವಿಭಾಗಕ್ಕೆ ಸೇರುವುದೋ ಇಲ್ಲವೋ. ಸಪ್ಪೆ ಎನ್ನಿಸಿದರೂ ಬಿಡಬೇಡಿ ಅಂದಿದ್ದಿರಿ, ಅದಕ್ಕೆ ಕಳಿಸಿದ್ದೇನೆ.

ಹಿಲ್ಡಾ ಬ್ಲೆಂಕಿನ್

*

ನಾರಿಚ್
14 ಮಾರ್ಚ್ 1983

ಪ್ರಿಯ ಶ್ರೀಮತಿ ಬ್ಲೆಂಕಿನ್,

ಚೀಟಿಗಳು ತಲುಪಿದವು. ನಿಜ ಹೇಳಬೇಕೆಂದರೆ, ಈ ಸಲದವು ತುಸು ನಿರಾಸೆ ತಂದವು. 'ಗೊಣಗಬಾರದು' ಎಂಬುದಕ್ಕೆ ನಮ್ಮಲ್ಲಿ ಇನ್ನೂರಕ್ಕೂ ಹೆಚ್ಚು ಚೀಟಿಗಳಿವೆ. ನಮ್ಮ ಹಡಗಿನವರ ಬಾಯಿಗೆ ಏನಾಯಿತು? ಒಳ್ಳೆಯ ದಿನಗಳು ಬಂದಿದ್ದರೆ ಅವರಿಗೆ ನನ್ನ ಅಭಿನಂದನೆ, ನಿಘಂಟಿಗೆ ಮಾತ್ರ ನಷ್ಟ. ಸಾಧ್ಯವಾದರೆ ಸ್ವಲ್ಪ ಕೆಣಕಿ ನೋಡಿ.

ಇಲ್ಲಿ ಎಲ್ಲ ಚೆನ್ನಾಗಿದೆ.

ಎಡ್ಮಂಡ್ ಪಿಮ್

*

ಹೆಸಲ್ ರೋಡ್
22 ಮಾರ್ಚ್ 1983

ಪಿಮ್ ಅವರೇ,

ಕೆಣಕಿ ನೋಡಿ ಅಂದಿರಲ್ಲ, ಎಷ್ಟು ಧೈರ್ಯ ನಿಮಗೆ. ಅವನೇನು ಬೋನಿನಲ್ಲಿರುವ ಕೋತಿಯೇ, ನಾನು ಕೋಲು ಹಾಕಿ ತಿವಿಯುವುದಕ್ಕೆ?

ಅವನು ನನ್ನ ಗಂಡ. ಹೆಸರು ವಿಲ್ಫ್. ಗೋಡೆ ತೆಳು ಅಂದದ್ದು ಸುಳ್ಳು, ನಡುವೆ ಗೋಡೆಯೇ ಇಲ್ಲ. ಒಂದೇ ಟೇಬಲ್ಲು, ಅವನು ಆ ಕಡೆ, ನಾನು ಈ ಕಡೆ. ನಾಚಿಕೆಯಾಗಿ ಹೇಳಲಿಲ್ಲ. ಗಂಡನ ಮಾತನ್ನು ಕದ್ದು ಕೇಳಿ ಪರವೂರಿನವರಿಗೆ ಬರೆದು ಕಳಿಸುವ ಹೆಂಗಸು ಅಂತ ಯಾರು ಹೇಳಿಕೊಳ್ಳುತ್ತಾರೆ? ಶುರುವಿನಲ್ಲಿ ತಮಾಷೆ ಇತ್ತು. ಅವನ ಗೊಣಗಾಟಕ್ಕೆ ಎಲ್ಲೋ ಒಂದು ಬೆಲೆಯಿದೆ ಅಂತ ಒಳಗೊಳಗೇ ಖುಷಿಯೂ ಇತ್ತು. ಅವನಿಗೆ ಈ ದೇಶದಲ್ಲಿ ಸಿಕ್ಕ ಹೊಗಳಿಕೆ ನಿಮ್ಮ ಆ ಎರಡು ಪತ್ರಗಳಷ್ಟೇ, ಅದೂ ಅವನಿಗೆ ಗೊತ್ತಿಲ್ಲ.

ಈಗ ಅವನು ನೆಮ್ಮದಿಯಾಗಿದ್ದಾನೆ. ನಿಮ್ಮ ನಿಘಂಟಿಗೆ ನಷ್ಟವಾದರೆ ಆಗಲಿ. ಕೊಟ್ಟಿದ್ದನ್ನು ತಿನ್ನುತ್ತಾನೆ, ಬೇಗ ಮಲಗುತ್ತಾನೆ, ಹಡಗು ನಿಲ್ಲುತ್ತಿದ್ದ ಹಳೇ ಡಾಕಿನ ಕಡೆ ನಡೆದು ಬರುತ್ತಾನೆ. ತನ್ನ ಹಡಗಿನ ಚಾಕು, ಉಣ್ಣೆಯ ಸ್ವೆಟರು, ಎಲ್ಲ ನಾವಿಕರ ಚರ್ಚಿಗೆ ಕೊಟ್ಟು ಬಂದ. "ಜಾಗ ಯಾಕೆ ತಿನ್ನಬೇಕು ಅವೆಲ್ಲ," ಅಂದ. ಮೊದಲಾಗಿದ್ದರೆ ಆ ಚಾಕು ಮುಟ್ಟಿದರೆ ಕೈ ಕಡಿಯುತ್ತಿದ್ದ. ಮನುಷ್ಯ ಬದಲಾಗಬಾರದೇ?

ಶುರು ಮಾಡಿದ್ದನ್ನು ಮುಗಿಸುವುದು ನನ್ನ ಗುಣ, ಅದಕ್ಕೆ ಕೊನೆಯ ಎರಡು ಚೀಟಿ ಇಟ್ಟಿದ್ದೇನೆ. ಇನ್ನು ಮೇಲೆ ಬರೆಯುವುದಿಲ್ಲ.

15 ಮಾರ್ಚ್: "ಪರವಾಗಿಲ್ಲ."

20 ಮಾರ್ಚ್: "ನಾನು ಚೆನ್ನಾಗಿದೀನಿ. ನನ್ನ ಚಿಂತೆ ಬಿಟ್ಟುಬಿಡು ನೀನು."

ಹಿಲ್ಡಾ ಬ್ಲೆಂಕಿನ್

*

ನಾರಿಚ್
26 ಮಾರ್ಚ್ 1983, ಶನಿವಾರ

ಪ್ರಿಯ ಶ್ರೀಮತಿ ಬ್ಲೆಂಕಿನ್,

ನನ್ನನ್ನು ಆಮೇಲೆ ಬೈಯಿರಿ. ಮೊದಲು ಇದನ್ನು ಪೂರ್ತಿ ಓದಿ.

ನಿಮ್ಮ ಪತ್ರ ಬಂದ ಮೇಲೆ, ಕ್ಷಮೆ ಕೇಳುವ ಮೊದಲು ನಿಮ್ಮ ಪತಿಯ ಚೀಟಿಗಳನ್ನೆಲ್ಲ ಬೇರೆ ಬೇರೆ ಪೆಟ್ಟಿಗೆಗಳಿಂದ ಹೊರತೆಗೆದೆ, ನಿಮಗೆ ವಾಪಸ್ ಕಳಿಸೋಣವೆಂದು. ಇಷ್ಟು ದಿನ ಅವು ಒಂದೊಂದು ಒಂದೊಂದು ಕಡೆ ಇದ್ದವು. ಇಂದು ಮೊದಲ ಸಲ ಮೇಜಿನ ಮೇಲೆ ದಿನಾಂಕದ ಕ್ರಮದಲ್ಲಿ ಇಟ್ಟೆ. ನೀವೂ ಹಾಗೆ ಇಟ್ಟು ನೋಡಿ. ಜನವರಿಯಲ್ಲಿ ಕರುಳು ಬಗೆದ ಮೀನು. ಫೆಬ್ರವರಿಯ ಶುರುವಿನಲ್ಲಿ ಆತ್ಮ, ಚಪ್ಪಲಿ, ಹಲ್ಲು. ತಿಂಗಳ ಕೊನೆಗೆ ಸ್ವಲ್ಪ ಬೇಜಾರು. ಆಮೇಲೆ ಗೊಣಗಬಾರದು. ಆಮೇಲೆ ಥ್ಯಾಂಕ್ಸ್. ಪರವಾಗಿಲ್ಲ. ಚೆನ್ನಾಗಿದೀನಿ. ಇದಾದ ಮೇಲೆ ಇಡುವುದಕ್ಕೆ ಚೀಟಿ ಇಲ್ಲ. ಮುಂದೆ ಖಾಲಿ ಮೇಜು, ಅಷ್ಟೆ.

ಚಿಕ್ಕ ನೋವಿಗೆ ದೊಡ್ಡ ಮಾತು, ದೊಡ್ಡ ನೋವಿಗೆ ಚಿಕ್ಕ ಮಾತು ಎಂದು ನಿಮಗೆ ಜಾಣನಂತೆ ಬರೆದವನು ನಾನೇ. ಆಮೇಲೆ ನಿಮ್ಮ ಪತಿಯ ಮಾತು ಸಪ್ಪೆಯಾಯಿತೆಂದು ದೂರಿದವನೂ ನಾನೇ.

ನನಗೆ ಅಲೆಕ್ ಎಂಬ ತಮ್ಮನಿದ್ದ. ಶಾಲೆಯ ಮಾಸ್ತರು. ಅವನೂ ವಿದ್ಯಾರ್ಥಿಗಳ ಬಗ್ಗೆ, ಸಹೋದ್ಯೋಗಿಗಳ ಬಗ್ಗೆ, ಬೈಗುಳ ತುಂಬಿದ ಪತ್ರ ಬರೆಯುತ್ತಿದ್ದ. ಹೋದ ವರ್ಷ ಪತ್ರಗಳು ಚಿಕ್ಕದಾದವು, ಸೌಮ್ಯವಾದವು. ನಾನು ಓದಿ ಡ್ರಾಯರಿಗೆ ಹಾಕುತ್ತಿದ್ದೆ. ಕೊನೆಯದರಲ್ಲಿ, ಆರಾಮವಾಗಿದ್ದೇನೆ, ನನ್ನನ್ನು ನೋಡಲು ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದಿದ್ದ. ನಾನು ತೊಂದರೆ ತೆಗೆದುಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಅವನ ಸಾಮಾನು ತರಲು ಹೋದೆ.

ಫೋನಿನ ಪುಸ್ತಕದಲ್ಲಿ ನಿಮ್ಮ ಮನೆಯ ನಂಬರಿಲ್ಲ. ಪೊಲೀಸರಿಗೆ ಹೇಳೋಣವೆಂದು ಎರಡು ಸಲ ಫೋನ್ ಎತ್ತಿದೆ. ಏನಂತ ಹೇಳಲಿ? ಒಬ್ಬ ಮನುಷ್ಯ ಹೆಂಡತಿಗೆ ಚೆನ್ನಾಗಿದ್ದೇನೆ ಎಂದ ಅಂತಲೇ? ಇದನ್ನು ಇಂದಿನ ಕೊನೆಯ ಅಂಚೆಗೆ ನಾನೇ ಹೋಗಿ ಹಾಕುತ್ತೇನೆ. ಸೋಮವಾರ ಬೆಳಗ್ಗೆ ನಿಮಗೆ ಸಿಗುತ್ತದೆ. ಸಿಕ್ಕ ಕೂಡಲೇ ಅವರ ಎದುರು ಕೂತು ನೇರವಾಗಿ ಕೇಳಿ. ಸಾಯಬೇಕೆಂದಿದ್ದೀಯಾ ಎಂಬ ಮಾತನ್ನೇ ಕೇಳಿ. ಕೇಳಿದರೆ ಏನೂ ಕೆಡುವುದಿಲ್ಲ. ನಾನು ಕೇಳಲಿಲ್ಲ.

ನನ್ನ ಊಹೆ ತಪ್ಪಾಗಲಿ, ನೀವು ನನ್ನನ್ನು ಹುಚ್ಚನೆನ್ನಿ.

ಎಡ್ಮಂಡ್ ಪಿಮ್

*

ನಾರಿಚ್
31 ಮಾರ್ಚ್ 1983

ಪ್ರಿಯ ಶ್ರೀಮತಿ ಬ್ಲೆಂಕಿನ್,

ಉತ್ತರ ಬಂದಿಲ್ಲ. ನಾಳೆಯಿಂದ ಈಸ್ಟರ್ ರಜೆ, ಮಂಗಳವಾರದ ತನಕ ಅಂಚೆಯಿಲ್ಲ. ಒಂದು ಸಾಲು ಸಾಕು. ಅದೂ ಬೇಡ, ಖಾಲಿ ಚೀಟಿಯಲ್ಲಿ ದಿನಾಂಕ ಬರೆದು ಕಳಿಸಿ.

ಎ. ಪಿ.

*

ಹೆಸಲ್ ರೋಡ್
5 ಏಪ್ರಿಲ್ 1983, ಮಂಗಳವಾರ

ಪಿಮ್ ಅವರೇ,

ಇದ್ದಾನೆ. ವಿಲ್ಫ್ ಇದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಮಿಕ್ಕಿದ್ದನ್ನು ನೀವು ಕೂತುಕೊಂಡು ಓದಿ. ಇಷ್ಟು ದಿನ ಬರೆಯಲಾಗಲಿಲ್ಲ.

ಆ ಸೋಮವಾರ ನನಗೆ ಮಧ್ಯಾಹ್ನದ ಪಾಳಿ. ಸೋಮವಾರವೆಂದರೆ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಬಟ್ಟೆ ಒಗೆಯುವ ದಿನ. ಬೆಳಗ್ಗೆ ವಿಲ್ಫ್ ಮೊಟ್ಟೆ ತಿಂದ. ಚೆನ್ನಾಗಿತ್ತು ಅಂದ. ಶೂ ಹಾಕಿಕೊಳ್ಳುತ್ತ, ತಲೆಯೆತ್ತದೆ, "ಇವತ್ತು ಬಟ್ಟೆ ಒಗೀಬೇಡ ಕಣೇ," ಅಂದ.

"ಯಾಕೆ, ಮಳೆ ಬರುತ್ತಾ?" ಅಂದೆ.

"ಹೂಂ, ಬರಬಹುದು."

ಆಕಾಶ ನೀಲಿಯಾಗಿತ್ತು. ನಾನು ಯಾವತ್ತು ಅವನ ಮಾತು ಕೇಳಿದವಳು? ಅವನು ಬಾಗಿಲು ದಾಟಿದ್ದೇ ತೊಟ್ಟಿಗೆ ನೀರು ಬಿಟ್ಟೆ. ಕಿಟಕಿಯಿಂದ ನೋಡಿದರೆ ಓಣಿಯ ಮೂಲೆಯಲ್ಲಿ ಅವನು ನಿಂತು, ಹಿಂದಕ್ಕೆ ತಿರುಗಿ, ನನಗೆ ಕೈ ಬೀಸಿದ. ನಾನೂ ಸೋಪಿನ ಕೈ ಎತ್ತಿ ಬೀಸಿದೆ. ಆಮೇಲೆ ಏನೋ ಕಸಿವಿಸಿ. ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯ ನನಗೆ ಕೈ ಬೀಸಿದ್ದಿಲ್ಲ. ಹಡಗು ಬಿಟ್ಟು ಎಷ್ಟೋ ವರ್ಷವಾಯಿತಲ್ಲ, ಮರೆತಿರಬೇಕು ಅಂತ ಶರಟು ಉಜ್ಜಿದೆ.

ಆಗ ಅಂಚೆ ಬಂತು. ನಿಮ್ಮ ಪತ್ರವನ್ನು ನಿಂತೇ ಓದಿದೆ, ಕೈಯ ಸೋಪಿನ ನೀರು ಬಿದ್ದು ಅರ್ಧ ಅಕ್ಷರ ಹರಡಿತು. ಖಾಲಿ ಮೇಜು ಅಂತ ಬರೆದಿದ್ದಿರಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಅವನ ಬೆಳಗಿನ ಮಾತು ನೆನಪಾಯಿತು. ಬಟ್ಟೆ ಒಗೀಬೇಡ. ಅಯ್ಯೋ ದೇವರೇ, ಅದು ಹಡಗು ಹತ್ತುವ ದಿನದ ಮಾತು. ಆ ಮಾತು ನನಗೆ ಕೇಳಿಸಲೇ ಇಲ್ಲ! ನಿಮಗೆ ಅದನ್ನು ಕೂತು ವಿವರಿಸಿ ಬರೆದವಳು ನಾನು. ಬೇರೆಯವರಿಗೆ ವಿವರಿಸುವಾಗ ಎಲ್ಲ ಗೊತ್ತಿರುತ್ತದೆ.

ಚಪ್ಪಲಿಯಲ್ಲೇ ಓಡಿದೆ. ಏಪ್ರನ್ನು, ಮೊಣಕೈ ತನಕ ನೊರೆ. ಹಳೇ ಡಾಕಿನ ಕೊನೆಯಲ್ಲಿ, ನದಿಗೆ ಮುಖ ಮಾಡಿದ ಗೋಡೆಯ ಹತ್ತಿರ ನಿಂತಿದ್ದ. ಟೋಪಿ ತೆಗೆದು ನೀಟಾಗಿ ಕಲ್ಲಿನ ಮೇಲೆ ಇಟ್ಟಿದ್ದ. ಕೂಗಿದರೆ ಏನಾಗುವುದೋ ಅಂತ ಕೂಗಲಿಲ್ಲ. ಹತ್ತಿರ ಹೋಗಿ ತೋಳು ಹಿಡಿದೆ. ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ನೊರೆ ನೋಡಿದ.

"ಒಗೆದುಬಿಟ್ಯೇನೇ?"

"ಒಗೆದೆ. ನಿನ್ನ ಎರಡು ಶರಟು, ಒಂದು ಪೈಜಾಮ. ಏನೀಗ?"

"ಬೇಡ ಅಂತ ಹೇಳಿದ್ನಲ್ಲೇ," ಅಂದ. ಅಳು ಬಂದುಬಿಟ್ಟಿತ್ತು ಅವನಿಗೆ. "ಅದಕ್ಕೇ ಹೇಳಿದ್ದು. ಆಮೇಲೆ ನಾನೇ ತೊಳೆದು ಕಳಿಸಿದೆ, ನನ್ನ ಕೈಯಾರೆ ಆಯ್ತು ಅಂತ ಸಾಯೋ ತನಕ ಕೂತು ಕೊರಗ್ತೀಯ. ನಿನ್ನ ತಲೆ ಮೇಲೆ ಬರಬಾರದು ಅಂತ ಹೇಳಿದೆ."

ಪಿಮ್ ಅವರೇ, ಆ ಹೊತ್ತಿನಲ್ಲೂ ಅವನಿಗೆ ನನ್ನ ಚಿಂತೆ. ನನಗೆ ಎಂಥ ಸಿಟ್ಟು ಬಂತೆಂದರೆ ನದಿಗೆ ನಾನೇ ತಳ್ಳಿಬಿಡುತ್ತಿದ್ದೆ.

"ಯಾವ ಹಡಗಿಗೆ ಹೊರಟಿದೀಯ ವಿಲ್ಫ್? ಹೆಸರು ಹೇಳು. ಕ್ಯಾಪ್ಟನ್ ಯಾರು? ವಾಪಸ್ ಯಾವತ್ತು?"

ತೋಳಿನಿಂದ ಕಣ್ಣೊರೆಸಿಕೊಂಡ.

"ನಿನಗಿರೋದೇ ಎರಡು ಒಳ್ಳೇ ಶರಟು. ಎರಡೂ ತೊಟ್ಟಿಯಲ್ಲಿವೆ. ಅವು ಒಣಗೋ ತನಕ ನೀನು ಎಲ್ಲಿಗೂ ಹೋಗೋ ಹಾಗಿಲ್ಲ. ನಡಿ ಮನೆಗೆ."

ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು, ನೀವು ಬರೆದ ಮಾತನ್ನೇ ನೇರವಾಗಿ ಕೇಳಿದೆ. ಹೌದು ಅಂದ. ಎಷ್ಟು ದಿನದಿಂದ ಅಂದೆ. ಫೆಬ್ರವರಿಯಿಂದ ಅಂದ. ಅವನು ಪಾತ್ರೆ ತೊಳೆದನಲ್ಲ, ಆಗಿನಿಂದ. ಪುಣ್ಯ, ಸದ್ದು ಕಮ್ಮಿಯಾಗಿದೆ ಅಂತ ನಾನು ನಿಮಗೆ ಬರೆಯುತ್ತಿದ್ದಾಗ ಅವನು ಎದುರಿಗೇ ಕೂತಿದ್ದ.

ಡಾಕ್ಟರು ಅವತ್ತೇ ಆಸ್ಪತ್ರೆಗೆ ಸೇರಿಸಿದರು. ನೀವು ಹುಚ್ಚರಲ್ಲ. ನಿಮ್ಮ ತಮ್ಮನ ವಿಷಯಕ್ಕೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಹಿಲ್ಡಾ

*

ಹೆಸಲ್ ರೋಡ್
22 ಏಪ್ರಿಲ್ 1983

ಎಡ್ಮಂಡ್ ಅವರೇ,

ಇನ್ನು ಬರೆಯುವುದಿಲ್ಲ ಎಂದಿದ್ದೆ. ಮಾತು ತಪ್ಪುತ್ತಿದ್ದೇನೆ. ಚೀಟಿ ಇದೆ.

ಗಂಡಸು, 54, ಹೆಸರು ವಿಲ್ಫ್ ಬ್ಲೆಂಕಿನ್, ಬರೆದುಕೊಳ್ಳಿ, ಇನ್ನು ಮುಚ್ಚುಮರೆಯಿಲ್ಲ. ಆಸ್ಪತ್ರೆಯಲ್ಲಿ, 12 ಏಪ್ರಿಲ್: "ಈ ಕಸ್ಟರ್ಡ್ ತಿಂದು ನೋಡೇ. ನೋಡು ತಿಂದು! ಆತ್ಮಾನೇ ಸಾಯಿಸಿಬಿಡುತ್ತೆ. ಬದುಕಿಸೋಕೆ ಅಂತ ಕರ್ಕೊಂಡು ಬಂದು ಇದನ್ನ ಕೊಡ್ತಾರೆ."

ಎರಡು ತಿಂಗಳ ಮೇಲೆ ಬಂದ ಮೊದಲ ಬೈಗುಳ. ನಾನು ವಾರ್ಡಿನ ಮಧ್ಯದಲ್ಲಿ ನಿಂತು ಗೊಳೋ ಅಂತ ಅತ್ತೆ. ನರ್ಸು ಓಡಿ ಬಂದು, "ಕಸ್ಟರ್ಡ್ ಬದಲಾಯಿಸ್ತೀವಮ್ಮ, ಅಳಬೇಡಿ," ಅಂದಳು. ಮೊನ್ನೆ ಮನೆಗೆ ಕರೆದುಕೊಂಡು ಬಂದೆ. ಪೂರ್ತಿ ಸರಿಹೋಗಿಲ್ಲ. ಕೆಲವು ದಿನ ಹಾಸಿಗೆಯಿಂದ ಏಳುವುದಿಲ್ಲ. ಮಾತ್ರೆ ಬಗ್ಗೆ ಗೊಣಗುತ್ತಾನೆ. ಗೊಣಗಲಿ. ಕೆಲಸ ಇನ್ನೂ ಇಲ್ಲ, ಅದಕ್ಕೂ ಗೊಣಗುತ್ತಾನೆ.

ಚೀಟಿಗಳ ವಿಷಯ ಅವನಿಗೆ ಹೇಳಿದೆ. ನಿಮ್ಮ ಪತ್ರಗಳನ್ನೂ ಓದಿಸಿದೆ. "ನನ್ನ ಬಾಯಿ ನಿಧಿಯಂತೆ, ಕೇಳಿದೆಯಾ?" ಅಂತ ಡಾಟ್‌ಗೂ ಹೇಳಿದ. ಆಮೇಲೆ ಅವನೇ ನಿಮ್ಮ ಪತ್ರಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟ, ದಿನಾಂಕ ನೋಡಿ ನೋಡಿ, ನೀವು ಮಾಡಿದ ಹಾಗೆಯೇ.

"ಈ ಮನುಷ್ಯ ಮೊದಲನೇ ಪತ್ರದಲ್ಲಿ ಹೀಟರಿಗೆ ಬೈದಿದಾನೆ, ಎಲೆಕೋಸಿಗೆ ಬೈದಿದಾನೆ," ಅಂದ. "ಎರಡನೇದರಲ್ಲಿ ಅಭ್ಯಾಸ ಆಗಿದೆ ಅಂತಾನೆ. ಮೂರನೇದರಲ್ಲಿ ಎಲ್ಲ ಚೆನ್ನಾಗಿದೆ ಅಂತಾನೆ. ಆಮೇಲೆ ತನ್ನ ಬಗ್ಗೆ ಒಂದಕ್ಷರ ಇಲ್ಲ. ಆ ತಮ್ಮನ ವಿಷಯ ಬಂದಿದ್ದೂ ನನ್ನನ್ನ ಉಳಿಸೋಕೆ, ತನಗೋಸ್ಕರ ಅಲ್ಲ. ಹಿಲ್ಡಾ, ಇವನ ಎದುರು ಯಾರು ಕೂತು ಕೇಳ್ತಾರೆ?"

ಅದಕ್ಕೆ ನಾನು ಕೇಳುತ್ತಿದ್ದೇನೆ. ನೀವು ಹೇಗಿದ್ದೀರಿ? ಚೆನ್ನಾಗಿದ್ದೇನೆ ಅಂತ ಬರೆದರೆ ನಾವಿಬ್ಬರೂ ಮೊದಲ ರೈಲಿಗೆ ಹತ್ತಿ ಅಲ್ಲಿಗೆ ಬರುತ್ತೇವೆ. ವಿಲ್ಫ್‌ಗೆ ರೈಲು ಅಂದರೆ ಆಗುವುದಿಲ್ಲ, ದಾರಿಯುದ್ದಕ್ಕೂ ತಲೆ ತಿನ್ನುತ್ತಾನೆ, ಯೋಚನೆ ಮಾಡಿ.

ಹಿಲ್ಡಾ

*

ನಾರಿಚ್
29 ಏಪ್ರಿಲ್ 1983

ಪ್ರಿಯ ಹಿಲ್ಡಾ, ಪ್ರಿಯ ವಿಲ್ಫ್,

ಈ ಪತ್ರವನ್ನು ನಾಲ್ಕು ಸಲ ಬರೆದೆ. ಮೂರು ಸಲ ಅದೇ ಸುಳ್ಳು ಬಂತು, ಹರಿದು ಹಾಕಿದೆ.

ಚೆನ್ನಾಗಿಲ್ಲ. ಸೆಪ್ಟೆಂಬರಿನಿಂದ ಸರಿಯಾಗಿ ನಿದ್ದೆಯಿಲ್ಲ. ಹೀಟರು ಹಾಳಾಗಿದೆ, ಅದನ್ನು ಹೇಳುವುದಕ್ಕೂ ಬೇಸರವಾಗಿ ಎರಡು ತಿಂಗಳಿಂದ ಚಳಿಯಲ್ಲೇ ಕೂತಿದ್ದೆ. ನನ್ನ ವಿಭಾಗಕ್ಕೆ ಸಾವಿರದ ಆರುನೂರು ಚೀಟಿ ಬಂದಿವೆ. ಇಡೀ ದೇಶದ ಮುರಿದ ಮನಸ್ಸುಗಳನ್ನು ದಿನವೂ ಅಕಾರಾದಿಯಲ್ಲಿ ಜೋಡಿಸುತ್ತೇನೆ, ಸಂಜೆ ಮನೆಗೆ ಹೋಗಿ ಎಲೆಕೋಸು ತಿನ್ನುತ್ತೇನೆ, "ಹೇಗಿತ್ತು?" ಎಂದು ಮಾಲಕಿ ಕೇಳಿದರೆ "ಚೆನ್ನಾಗಿತ್ತು" ಎನ್ನುತ್ತೇನೆ. ನಿನ್ನೆ ಮೊದಲ ಸಲ, "ಇದು ಎಲೆಕೋಸಲ್ಲ, ಒದ್ದೆ ಕಾಲುಚೀಲ" ಎಂದೆ. ಆಕೆ ಎರಡು ನಿಮಿಷ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಮೊಟ್ಟೆ ಹುರಿದು ಕೊಟ್ಟಳು.

ಅಲೆಕ್‌ನ ಪತ್ರಗಳು ಇನ್ನೂ ಡ್ರಾಯರಿನಲ್ಲಿವೆ. ಅವನ್ನು ದಿನಾಂಕದ ಕ್ರಮದಲ್ಲಿ ಇಡಲು ನನಗೊಬ್ಬನಿಗೆ ಧೈರ್ಯವಿಲ್ಲ. ನೀವು ಇಲ್ಲಿಗೆ ಬರಬೇಡಿ, ಮುಂದಿನ ವಾರ ಶನಿವಾರ ನಾನೇ ಅವನ್ನು ತೆಗೆದುಕೊಂಡು ಅಲ್ಲಿಗೆ ಬರುತ್ತೇನೆ. ರೈಲು ಎರಡು ಕಡೆ ಬದಲಾಯಿಸಬೇಕು, ಹೋಗಿ ತಲುಪುವಷ್ಟರಲ್ಲಿ ಆತ್ಮ ಸಾಯುತ್ತದೆ. ನಿಮ್ಮ ಟೇಬಲ್ಲಿನ ಮೇಲೆ ಸ್ವಲ್ಪ ಜಾಗ ಮಾಡಿ.

ಎಡ್ಮಂಡ್